ಎತ್ತುಗಡೆಯ ಹಿಂದೆ ಓಡುವ ಮಾತು: ಬಯಲಾಟದ ನೇರಪ್ರಸಾರಕ್ಕೊಂದು ಐಪಿ ಟಾಕ್‌ಬ್ಯಾಕ್ ಜಾಲ

ಕಿರಿಮಂಜೇಶ್ವರದಂಥ ಊರಿನಲ್ಲಿ ನಡೆಯುವ ಹರಕೆಯ ಯಕ್ಷಗಾನ ಬಯಲಾಟವೊಂದನ್ನು ನಾಲ್ಕು ಕ್ಯಾಮೆರಾ ಇಟ್ಟು ನೇರಪ್ರಸಾರ ಮಾಡುವ ತಂಡ ಕತ್ತಲೆಯಲ್ಲಿ, ಚಂಡೆಯ ಅಬ್ಬರದ ನಡುವೆ ತನ್ನೊಳಗೆ ಮಾತಾಡಿಕೊಳ್ಳುವುದು ಹೇಗೆ? ಅದಕ್ಕೆ ಐಪಿ ಜಾಲ ಹಾಕುವುದಾದರೆ ಯಾವುದನ್ನು ಬಿಗಿಯಾಗಿ ಹಿಡಿಯಬೇಕು, ಯಾವುದನ್ನು ಸಡಿಲ ಬಿಡಬಹುದು? ಈ ಟಿಪ್ಪಣಿ ಇಷ್ಟನ್ನೇ ಕೇಳುತ್ತದೆ. ಡಿಜಿಟಲ್ ಇಂಟರ್‌ಕಾಮ್‌ನ ಕೈಪಿಡಿಗಳು ಕ್ರೀಡಾಂಗಣವನ್ನೋ ಸಭಾಂಗಣದ ನಾಟಕವನ್ನೋ ಎದುರಿಗಿಟ್ಟುಕೊಂಡು ಬರೆದಂಥವು. ಅಲ್ಲಿ ಆಜ್ಞೆ ಕೊಡುವವನು ರಂಗದ ಹೊರಗಿರುತ್ತಾನೆ. ಬಯಲಾಟದಲ್ಲಿ ಆಜ್ಞೆ ಕೊಡುವವರು, ಪದ್ಯ ಹಾಡಿ ಆಟ ನಡೆಸುವ ಭಾಗವತರು, ರಂಗಸ್ಥಳದ ಮೇಲೆಯೇ ತಾಳ ಹಿಡಿದು ಕೂತಿರುತ್ತಾರೆ. ಜಾಲದ ವಿನ್ಯಾಸ ಈ ವ್ಯತ್ಯಾಸದಿಂದ ಹೊರಡಬೇಕು ಎಂಬುದು ನನ್ನ ವಾದ.

ರಾಷ್ಟ್ರೀಯ ಹೆದ್ದಾರಿ 66ರ ಮೇಲಿನ ಈ ಊರು ಬೈಂದೂರು ತಾಲ್ಲೂಕಿಗೆ ಸೇರಿದ್ದು. ಪಶ್ಚಿಮಕ್ಕೆ ಕಡಲು, ಊರೊಳಗೆ ಅಗಸ್ತ್ಯೇಶ್ವರ ದೇವಸ್ಥಾನ, ಸುತ್ತ ನಾವುಂದ, ನಾಗೂರು, ಉಪ್ಪುಂದ. ಮಾರಣಕಟ್ಟೆ, ಮಂದಾರ್ತಿ, ಕಮಲಶಿಲೆ ಮೊದಲಾದ ಕ್ಷೇತ್ರಗಳ ಮೇಳಗಳು ದೀಪಾವಳಿ ಕಳೆದ ಮೇಲೆ ತಿರುಗಾಟಕ್ಕೆ ಹೊರಟು ಮೇ ಕೊನೆಯ ಹೊತ್ತಿಗೆ ಗೆಜ್ಜೆ ಬಿಚ್ಚುವ ಸೀಮೆ ಇದು. ಆಟ ಆಡಿಸುವವರ ಮನೆಯ ಅರ್ಧದಷ್ಟು ಮಂದಿ ಬೆಂಗಳೂರು, ಮುಂಬಯಿ, ಕೊಲ್ಲಿ ದೇಶಗಳಲ್ಲಿರುವುದು ಇಲ್ಲಿ ಅಪರೂಪವಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ತಿರುಗಾಟ ನಡುವೆಯೇ ನಿಂತಾಗ ಯೂಟ್ಯೂಬಿನಲ್ಲಿ ಆಟ ನೋಡುವುದು ಅವರಿಗೆ ಅಭ್ಯಾಸವಾಯಿತು, ಮೇಳಗಳು ಮರಳಿ ಹೊರಟ ಮೇಲೂ ಉಳಿಯಿತು. ದೂರದಲ್ಲಿ ಕೂತು ತಮ್ಮ ಮನೆಯ ಹರಕೆಯ ಆಟ ನೋಡುವವರಿಗೆ ಬಣ್ಣದ ವೇಷದ ಪ್ರವೇಶ ತಪ್ಪಿಹೋದರೆ ಅದು ಸಣ್ಣ ನಷ್ಟವಲ್ಲ. ದೊಂದಿಯ ಬೆಳಕಿನಲ್ಲಿ ವೇಷ ಹೊರಟ ಕ್ಷಣದಲ್ಲಿ ಪರದೆಯ ಮೇಲೆ ಭಾಗವತರ ಮುಖವೇ ಇದ್ದರೆ ತಪ್ಪು ಕ್ಯಾಮೆರಾದವನದ್ದಲ್ಲ, ಅವನಿಗೆ ಸುದ್ದಿ ತಲುಪಿಸದ ವ್ಯವಸ್ಥೆಯದ್ದು.

ಬಯಲಾಟದೊಳಗಿನ ಸಂದೇಶ ವ್ಯವಸ್ಥೆಯನ್ನು ಮೊದಲು ನೋಡೋಣ. ಪ್ರಸಂಗದ ಪದ್ಯಗಳು ಗೊತ್ತಿರುವಂಥವು. ಅರ್ಥ ಆಶುವಾಗಿ ಬರುವಂಥದ್ದು. ಒಂದು ಪದ್ಯಕ್ಕೆ ಕಲಾವಿದ ಎಷ್ಟು ಹೊತ್ತು ಅರ್ಥ ಹೇಳುತ್ತಾನೆಂದು ಮೊದಲೇ ಬರೆದಿಡಲು ಬರುವುದಿಲ್ಲ. ಮುಂದಿನ ಪದ್ಯದ ಎತ್ತುಗಡೆ ಯಾವಾಗ ಎಂಬುದು ಭಾಗವತರ ತೀರ್ಮಾನ. ಅವರು ತಾಳ ಎತ್ತಿದಾಗ ಮದ್ದಳೆ ಎಚ್ಚರಗೊಳ್ಳುತ್ತದೆ, ಚಂಡೆ ಸೇರುತ್ತದೆ, ರಂಗದ ಮೇಲಿನವರು ಮಾತು ನಿಲ್ಲಿಸಿ ಹೆಜ್ಜೆಗೆ ಸಿದ್ಧರಾಗುತ್ತಾರೆ. ಮುಕ್ತಾಯ ಬಂದರೆ ಮತ್ತೆ ಮಾತು. ಚೌಕಿಯಲ್ಲಿ ವೇಷ ಕಟ್ಟುತ್ತಿರುವವರಿಗೂ ಆಟ ಎಲ್ಲಿಗೆ ಬಂತೆಂದು ತಿಳಿಯುವುದು ಈ ಹಿಮ್ಮೇಳದ ಸದ್ದಿನಿಂದಲೇ. ಹಳೆಯ ಬಯಲಾಟದ ಕ್ರಮದಲ್ಲಿ ಚೌಕಿ ರಂಗಸ್ಥಳದಿಂದ ದೂರವಿರುತ್ತಿತ್ತು. ಡೇರೆ ಮೇಳಗಳು ಅದನ್ನು ಹಿಂಬದಿಗೆ ತಂದವು. ಎರಡರಲ್ಲೂ ಒಂದು ದಿಕ್ಕಿನ ಸುದ್ದಿ, ರಂಗದಿಂದ ಚೌಕಿಗೆ, ಚಂಡೆಯ ಮೂಲಕ ಧಾರಾಳವಾಗಿ ಹೋಗುತ್ತದೆ. ಎದುರು ದಿಕ್ಕಿನದು ದುರ್ಬಲ: ವೇಷ ಇನ್ನೂ ಆಗಿಲ್ಲ ಎಂಬುದನ್ನು ಯಾರಾದರೂ ನಡೆದು ಬಂದು ಹೇಳಬೇಕು. ಅಷ್ಟರವರೆಗೆ ಭಾಗವತರು ನಡೆಯುತ್ತಿರುವ ಸನ್ನಿವೇಶವನ್ನೇ ಲಂಬಿಸುತ್ತಾರೆ, ಇಲ್ಲವೇ ಹಾಸ್ಯಗಾರ ಸ್ವಲ್ಪ ಹೊತ್ತು ತುಂಬಿಕೊಡುತ್ತಾನೆ.

ಇದರಿಂದ ಎರಡು ನಿರ್ಧಾರಗಳು ಹೊರಡುತ್ತವೆ. ಭಾಗವತರ ಕಿವಿಗೆ ಹೆಡ್‌ಸೆಟ್ ಹಾಕಬಾರದು. ಅವರ ಮನೋಧರ್ಮದಿಂದ ಆಟ ನಡೆಯಬೇಕು, ಪ್ರಸಾರದವರ ಅನುಕೂಲದಿಂದಲ್ಲ. ಈ ವಿಷಯದಲ್ಲಿ ರಾಜಿ ಇರಕೂಡದೆಂದು ನಾನು ಭಾವಿಸುತ್ತೇನೆ. ಇನ್ನೊಂದು, ಚೌಕಿಯಲ್ಲಿ ಒಬ್ಬ ಮನುಷ್ಯ ಬೆಲ್ಟ್‌ಪ್ಯಾಕ್ (ಸೊಂಟಕ್ಕೆ ಸಿಕ್ಕಿಸುವ ಇಂಟರ್‌ಕಾಮ್ ಪೆಟ್ಟಿಗೆ) ಹಾಕಿಕೊಂಡು ನಿಂತಿರಲೇಬೇಕು. ಆತ ತಾಂತ್ರಿಕ ಜ್ಞಾನಿಯಾಗಬೇಕಿಲ್ಲ, ಪ್ರಸಂಗ ಬಲ್ಲವನಾಗಿರಬೇಕು. ‘ಮಹಿಷಾಸುರ ಕಿರೀಟ ಕಟ್ಟಿ ಆಯ್ತು, ದೊಂದಿ ಹೊತ್ತಿಸ್ತಿದ್ದಾರೆ’ ಎಂದು ಅವನು ಹೇಳುವ ಒಂದು ವಾಕ್ಯ ಎರಡನೆಯ ಕ್ಯಾಮೆರಾವನ್ನು ಚೌಕಿಯ ದಾರಿಗೆ ತಿರುಗಿಸಲು ಬೇಕಾದ ಅರ್ಧ ನಿಮಿಷವನ್ನು ತಂದುಕೊಡುತ್ತದೆ.

ಇಂಟರ್‌ಕಾಮ್‌ನ ಹಿಂದಿನ ಕತೆಯನ್ನು ಚುಟುಕಾಗಿ ಹೇಳುವುದಾದರೆ, 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆರಂಭವಾದ ಕ್ಲಿಯರ್‌ಕಾಮ್ ಸಂಸ್ಥೆ ರಾಕ್ ಸಂಗೀತದ ವೇದಿಕೆಗಳಿಗಾಗಿ ರೂಪಿಸಿದ ಬೆಲ್ಟ್‌ಪ್ಯಾಕ್‌ಗಳಿಂದ ‘ಪಾರ್ಟಿಲೈನ್’ ಪದ್ಧತಿ ಹೆಸರಾಯಿತು. ಒಂದೇ ಮೈಕ್ ಕೇಬಲ್‌ನಲ್ಲಿ ವಿದ್ಯುತ್ತೂ ಧ್ವನಿಯೂ ಹೋಗುತ್ತವೆ, ಎಲ್ಲರ ಮಾತು ಎಲ್ಲರಿಗೂ ಕೇಳುತ್ತದೆ. ಆಮೇಲೆ ಯಾರ ಮಾತು ಯಾರಿಗೆ ಎಂದು ಬೇರ್ಪಡಿಸುವ ಮ್ಯಾಟ್ರಿಕ್ಸ್‌ಗಳು ಬಂದವು. ಈಗ ಅದೇ ಕೆಲಸವನ್ನು ಮಾಮೂಲಿ ನೆಟ್‌ವರ್ಕ್ ಸ್ವಿಚ್ಚುಗಳ ಮೇಲೆ ಮಾಡುತ್ತಾರೆ. ಆಡಿನೇಟ್ ಕಂಪನಿಯ ಡಾಂಟೆ, 2013ರಲ್ಲಿ ಆಡಿಯೊ ಎಂಜಿನಿಯರಿಂಗ್ ಸೊಸೈಟಿ ಪ್ರಕಟಿಸಿದ ಎಇಎಸ್67 ಮಾನಕ ಇವೆರಡೂ ಈ ಹಾದಿಯಲ್ಲಿ ಬರುತ್ತವೆ. ಸಣ್ಣ ತಂಡಗಳು ಮೊಬೈಲ್ ಆ್ಯಪ್‌ಗಳನ್ನೇ ಟಾಕ್‌ಬ್ಯಾಕ್ ಮಾಡಿಕೊಳ್ಳುವುದೂ ಉಂಟು.

ಇಲ್ಲಿಂದ ಲೆಕ್ಕ. ಒಂದು ಮಾದರಿ ಬಯಲನ್ನು ಇಟ್ಟುಕೊಳ್ಳೋಣ: ರಂಗಸ್ಥಳದಿಂದ 4 ಮೀಟರ್‌ನಲ್ಲಿ ಒಂದು ಕ್ಯಾಮೆರಾ, 30 ಮೀಟರ್‌ನಲ್ಲಿ ನಿರ್ದೇಶಕನ ಮೇಜು ಮತ್ತು ದೂರದ ಕ್ಯಾಮೆರಾ, 70 ಮೀಟರ್‌ನಲ್ಲಿ ಚೌಕಿ. 30 ಡಿಗ್ರಿ ಸೆಲ್ಸಿಯಸ್ ಸೆಕೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 349 ಮೀಟರ್ ಸಾಗುತ್ತದೆ. ಚಂಡೆಯ ಪೆಟ್ಟು ಗಾಳಿಯಲ್ಲಿ ಬಂದು ಹತ್ತಿರದ ಕ್ಯಾಮೆರಾದವನನ್ನು 11 ಮಿಲಿಸೆಕೆಂಡಿನಲ್ಲಿ, ನಿರ್ದೇಶಕನನ್ನು 86ರಲ್ಲಿ, ಚೌಕಿಯನ್ನು 200ರಲ್ಲಿ ಮುಟ್ಟುತ್ತದೆ.

ಒಂದೇ ಹೆಡ್‌ಸೆಟ್‌ನಲ್ಲಿ ಎರಡು ಬಗೆಯ ಧ್ವನಿ ಬರುವುದನ್ನು ಗಮನಿಸಬೇಕು. ಒಂದು ಆಜ್ಞೆ: ‘ಮೂರು, ಭಾಗವತರನ್ನು ಬಿಟ್ಟು ಅಗಲಕ್ಕೆ ಬಾ.’ ಇನ್ನೊಂದು ಹಿಮ್ಮೇಳದ ಮೈಕಿನಿಂದ ತೆಗೆದ ಸಾಲು. ಆಜ್ಞೆ ಹೊರಡುವ ಮೊದಲು ನಿರ್ದೇಶಕ ಎತ್ತುಗಡೆ ಕೇಳಬೇಕು, ತೀರ್ಮಾನಿಸಬೇಕು, ಬಾಯಿ ತೆರೆಯಬೇಕು. ಕೇಳಿದ್ದಕ್ಕೆ ಮನುಷ್ಯ ಪ್ರತಿಕ್ರಿಯಿಸಲು ಹಿಡಿಯುವ ಕಾಲವೇ ಸೆಕೆಂಡಿನ ಐದನೇ ಒಂದು ಭಾಗದ ಆಸುಪಾಸು. ಅದರ ಮುಂದೆ ಜಾಲ 80 ಮಿಲಿಸೆಕೆಂಡ್ ತೆಗೆದುಕೊಂಡರೂ ಕೆಲಸ ಕೆಡುವುದಿಲ್ಲ. ದೂರವಾಣಿ ಸಂಭಾಷಣೆಗೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು ಇಟ್ಟಿರುವ ಒಮ್ಮುಖ ವಿಳಂಬದ ಮಿತಿಯೇ 150 ಮಿಲಿಸೆಕೆಂಡ್. ಆದ್ದರಿಂದ ಆಜ್ಞೆಯ ಸಾಲಿಗೆ ಬೇಕಾದದ್ದು ವೇಗವಲ್ಲ, ನಡುವೆ ಕತ್ತರಿಸದಿರುವ ಗುಣ.

ಹಿಮ್ಮೇಳದ ಸಾಲಿನ ಕತೆ ಬೇರೆ. ಹೆಲ್ಮುಟ್ ಹಾಸ್ 1949ರಲ್ಲಿ ತೋರಿಸಿದಂತೆ ಒಂದೇ ಮಾತು ಎರಡು ಬಾರಿ ಕಿವಿಗೆ ಬಿದ್ದರೂ ಅಂತರ ಸುಮಾರು 30–40 ಮಿಲಿಸೆಕೆಂಡಿನೊಳಗಿದ್ದರೆ ಒಂದಾಗಿಯೇ ಕೇಳುತ್ತದೆ. ಚಂಡೆಯ ಪೆಟ್ಟಿನಂಥ ಚೂಪಾದ ಸದ್ದಿಗೆ ಆ ರಿಯಾಯಿತಿ ಇನ್ನೂ ಕಡಿಮೆ. ಹತ್ತಿರದ ಕ್ಯಾಮೆರಾದವನಿಗೆ ಗಾಳಿಯಿಂದ 11 ಮಿಲಿಸೆಕೆಂಡಿನಲ್ಲಿ ಬಂದ ಪೆಟ್ಟು ಹೆಡ್‌ಸೆಟ್‌ನಿಂದ 150 ಮಿಲಿಸೆಕೆಂಡಿನಲ್ಲಿ ಮತ್ತೆ ಬಿದ್ದರೆ ಲಯ ಒಡೆಯುತ್ತದೆ. ಕಲಾವಿದನ ಹೆಜ್ಜೆಗೆ ಕ್ಯಾಮೆರಾ ಸರಿಸಬೇಕಾದವನಿಗೆ ಇದು ದೊಡ್ಡ ಹಿಂಸೆ. ಅವನಿಗೆ ಹಿಮ್ಮೇಳದ ಸಾಲನ್ನು ಕೊಡದಿರುವುದೇ ಸರಿ, ಬರಿಯ ಕಿವಿಗೇ ಅದು ಕೇಳುತ್ತದೆ. ಚೌಕಿಯವನಿಗೂ ಬೇಡ. ಬೇಕಾಗಿರುವುದು ನಿರ್ದೇಶಕನಿಗೆ ಮತ್ತು ದೂರದ ಕ್ಯಾಮೆರಾಕ್ಕೆ ಮಾತ್ರ. ನಿರ್ದೇಶಕನ ಪರದೆಗೆ ಬರುವ ಚಿತ್ರ ಮಿಕ್ಸರ್ ದಾಟಿ ಬರುವಾಗ ಒಂದೆರಡು ಫ್ರೇಮ್ ತಡವಾಗುತ್ತದೆ. ಸೆಕೆಂಡಿಗೆ 25 ಫ್ರೇಮ್ ಆದರೆ ಒಂದೊಂದಕ್ಕೂ 40 ಮಿಲಿಸೆಕೆಂಡ್. ಹಿಮ್ಮೇಳದ ಮೈಕಿನಿಂದ ತಂತಿಯಲ್ಲಿ 5–6 ಮಿಲಿಸೆಕೆಂಡಿನಲ್ಲಿ ತಾಳ ಕೇಳಿದರೆ ಅವನಿಗೆ ಚಿತ್ರಕ್ಕಿಂತ ಮೊದಲೇ ಎಚ್ಚರಿಕೆ ಸಿಗುತ್ತದೆ. ಭಾಗವತರ ಸಂದೇಶವನ್ನು ಹಿಮ್ಮೇಳದವರು ಹಿಡಿಯುವಷ್ಟು ಬೇಗ ಅವನೂ ಹಿಡಿಯುವಂತಾಗುವುದು ಇಲ್ಲಿಯೇ.

ಹೀಗೆ ಬೇರ್ಪಡಿಸಿದರೆ ದುಬಾರಿ, ಬಿಗಿಗಡಿಯಾರದ ಧ್ವನಿಸಾಲು ಒಂದೋ ಎರಡೋ ಸಾಕು. ಉಳಿದದ್ದೆಲ್ಲ ಸಾಧಾರಣ ಮಾತಿನ ಸಾಲು. ಎಇಎಸ್67ರ ರೂಢಿಯ ಲೆಕ್ಕದಲ್ಲಿ 48 ಕಿಲೋಹರ್ಟ್ಸ್, 24 ಬಿಟ್, 1 ಮಿಲಿಸೆಕೆಂಡಿನ ಪ್ಯಾಕೆಟ್ ಎಂದರೆ ಒಂದು ಪ್ಯಾಕೆಟ್‌ನಲ್ಲಿ 144 ಬೈಟ್ ಧ್ವನಿ. ಎಲ್ಲ ತಲೆಬರಹ, ನಡುವಿನ ತೆರಪು ಸೇರಿ ತಂತಿಯ ಮೇಲೆ ಅದು 222 ಬೈಟ್ ಜಾಗ ಹಿಡಿಯುತ್ತದೆ. ಸೆಕೆಂಡಿಗೆ 1000 ಪ್ಯಾಕೆಟ್, ಸುಮಾರು 1.8 ಮೆಗಾಬಿಟ್. ಹತ್ತು ಜನರಿಗೆ ಹೋಗಿಬರುವ ಇಪ್ಪತ್ತು ಸಾಲು ಹಾಕಿದರೂ 36 ಮೆಗಾಬಿಟ್ ದಾಟದು, ಗಿಗಾಬಿಟ್ ತಂತಿಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಪ್ಯಾಕೆಟ್‌ಗಳ ಎಣಿಕೆ ಸೆಕೆಂಡಿಗೆ 20,000. ತಂತಿ ಇದನ್ನು ಸಹಿಸುತ್ತದೆ, ವೈಫೈ ಸಹಿಸದು. ಅಲ್ಲಿ ಒಂದೊಂದು ಪ್ಯಾಕೆಟ್ಟೂ ಗಾಳಿಯಲ್ಲಿ ತನ್ನ ಸರದಿಗೆ ಕಾಯಬೇಕು. ಓಪಸ್ ಕೋಡೆಕ್‌ನಲ್ಲಿ 20 ಮಿಲಿಸೆಕೆಂಡಿನ ತುಣುಕು ಮಾಡಿ ಕಳಿಸಿದರೆ ಒಂದು ಸಾಲಿಗೆ ಸೆಕೆಂಡಿಗೆ 50 ಪ್ಯಾಕೆಟ್ ಸಾಕು. ಆಜ್ಞೆಯ ಸಾಲಿಗೆ ಇದೇ ತಕ್ಕದ್ದು.

ಜಾಲ ಕಟ್ಟುವಾಗ ಹೆಚ್ಚು ತೊಂದರೆ ಕೊಡುವುದು ಗಡಿಯಾರ. ಧ್ವನಿಯ ಸಾಧನಗಳೆಲ್ಲ ಒಂದೇ ಕಾಲಕ್ಕೆ ಹೊಂದಿಕೊಳ್ಳಲು ಪಿಟಿಪಿ ಎಂಬ ವಿಧಾನವಿದೆ, ಐಇಇಇ 1588 ಎಂಬುದು ಅದರ ಮಾನಕ. ಡಾಂಟೆ ಮೂಲತಃ ಇದರ 2002ರ ಆವೃತ್ತಿಯನ್ನೂ ಎಇಎಸ್67 2008ರದ್ದನ್ನೂ ಬಳಸುತ್ತವೆ, ಎರಡೂ ನೇರವಾಗಿ ಪರಸ್ಪರ ಮಾತಾಡುವುದಿಲ್ಲ. ಮೈಕ್‌ನವರ ಮಿಕ್ಸರ್ ಡಾಂಟೆಯದ್ದಾಗಿ ಇಂಟರ್‌ಕಾಮ್ ಎಇಎಸ್67ರದ್ದಾದರೆ ಎರಡನ್ನೂ ಬಲ್ಲ ಒಂದು ಸಾಧನ ನಡುವೆ ಇರಬೇಕು. ಅದಕ್ಕಿಂತ ಸೂಕ್ಷ್ಮವಾದ ತೊಡಕು ಆದ್ಯತೆಯ ಗುರುತಿನಲ್ಲಿದೆ. ಯಾವ ಪ್ಯಾಕೆಟ್ ಮೊದಲು ಹೋಗಬೇಕೆಂದು ಸ್ವಿಚ್ಚಿಗೆ ಹೇಳುವ ಸಂಖ್ಯೆಗಳಲ್ಲಿ ಡಾಂಟೆ ಗಡಿಯಾರಕ್ಕೆ 56, ಧ್ವನಿಗೆ 46 ಕೊಡುತ್ತದೆ. ಎಇಎಸ್67 ಗಡಿಯಾರಕ್ಕೆ 46, ಧ್ವನಿಗೆ 34 ಇಡುತ್ತದೆ. ಎರಡನ್ನೂ ಒಂದೇ ಸ್ವಿಚ್ಚಿನ ಮೇಲೆ ಹಾಕಿದರೆ ಒಂದರ ಧ್ವನಿ ಇನ್ನೊಂದರ ಗಡಿಯಾರದ ಜತೆ ಒಂದೇ ಸಾಲಿನಲ್ಲಿ ನಿಲ್ಲುತ್ತದೆ. ಸಣ್ಣ ಜಾಲದಲ್ಲಿ ಇದರಿಂದ ಅನಾಹುತ ಆಗಲಿಕ್ಕಿಲ್ಲ. ಆದರೂ ಯಾವುದಾದರೂ ಒಂದೇ ಪದ್ಧತಿಯನ್ನು ಆಯ್ದುಕೊಂಡರೆ ತಡರಾತ್ರಿಯಲ್ಲಿ ಕಾರಣ ಹುಡುಕುವ ಪಾಡು ತಪ್ಪುತ್ತದೆ.

ಗಡಿಯಾರ ಏಕೆ ಅಲುಗುತ್ತದೆಂಬುದಕ್ಕೂ ಲೆಕ್ಕವಿದೆ. 48 ಕಿಲೋಹರ್ಟ್ಸ್‌ನಲ್ಲಿ ಒಂದು ಸ್ಯಾಂಪಲ್‌ನ ಅವಧಿ 20.8 ಮೈಕ್ರೊಸೆಕೆಂಡ್. ವಿಡಿಯೊದ ದೊಡ್ಡ ಪ್ಯಾಕೆಟ್ 100 ಮೆಗಾಬಿಟ್ ತಂತಿಯನ್ನು ದಾಟಲು 123 ಮೈಕ್ರೊಸೆಕೆಂಡ್ ಬೇಕು. ಗಡಿಯಾರದ ಪ್ಯಾಕೆಟ್ ಅದರ ಹಿಂದೆ ಸಿಕ್ಕಿಬಿದ್ದರೆ ಆರು ಸ್ಯಾಂಪಲ್‌ನಷ್ಟು ತಪ್ಪು ಸಮಯ ಹೇಳಿದಂತೆ. ಗಿಗಾಬಿಟ್ ತಂತಿಯಲ್ಲಿ ಅದೇ ಕಾಯುವಿಕೆ 12 ಮೈಕ್ರೊಸೆಕೆಂಡ್, ಒಂದು ಸ್ಯಾಂಪಲ್‌ಗಿಂತ ಕಡಿಮೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ 100 ಮೆಗಾಬಿಟ್ ಸ್ವಿಚ್ಚನ್ನು ಈ ಕೆಲಸಕ್ಕೆ ಬಳಸಬಾರದೆಂಬುದಕ್ಕೆ ಇದು ಸಾಕಷ್ಟು ಕಾರಣ. ವಿದ್ಯುತ್ ಉಳಿಸಲು ತಂತಿಯನ್ನು ಆಗಾಗ ನಿದ್ದೆಗೆ ಕಳಿಸುವ, ಐಇಇಇ 802.3ಎಝಡ್ ಎಂಬ ವ್ಯವಸ್ಥೆಯನ್ನೂ ಆರಿಸಿಡಬೇಕು. ಇದು ಸಂಯೋಜಿಸಲು ಬರುವಂಥ ಸ್ವಿಚ್ಚಿನಲ್ಲಿ ಮಾತ್ರ ಸಾಧ್ಯ. ಕ್ಯಾಮೆರಾದ ಚಿತ್ರವನ್ನೂ ಎನ್‌ಡಿಐ ಮೂಲಕ ಅದೇ ಸ್ವಿಚ್ಚಿನಲ್ಲಿ ತರುವುದಾದರೆ ಮಾತಿಗೊಂದು, ಚಿತ್ರಕ್ಕೊಂದು, ಯೂಟ್ಯೂಬಿಗೆ ಹೋಗುವ ಇಂಟರ್ನೆಟ್ಟಿಗೊಂದು ಪ್ರತ್ಯೇಕ ವಿಎಲ್‌ಎಎನ್ ಮಾಡಬೇಕು. ಪೂರ್ಣ ಎಚ್‌ಡಿಯ ಒಂದೇ ಎನ್‌ಡಿಐ ಪ್ರವಾಹ 100 ಮೆಗಾಬಿಟ್ ದಾಟುತ್ತದೆ ಎಂಬುದು ನೆನಪಿರಲಿ.

ಇನ್ನೊಂದು ದೋಷದ ಲಕ್ಷಣವನ್ನು ಬಿಡಿಸಿ ಹೇಳುವುದು ಅಗತ್ಯ. ಜೋಡಿಸಿದ ಕೂಡಲೇ ಎಲ್ಲರಿಗೂ ಚೆನ್ನಾಗಿ ಕೇಳಿ, ನಾಲ್ಕು ನಿಮಿಷದ ಮೇಲೆ ಒಮ್ಮೆಲೇ ಮೌನವಾಗುವುದು. ಒಬ್ಬರ ಧ್ವನಿಯನ್ನು ಹಲವರಿಗೆ ಕಳಿಸುವ ಮಲ್ಟಿಕಾಸ್ಟ್‌ನಲ್ಲಿ ಯಾರಿಗೆ ಬೇಕು, ಯಾರಿಗೆ ಬೇಡ ಎಂದು ಸ್ವಿಚ್ ಗಮನಿಸುತ್ತಿರುತ್ತದೆ. ಬೇಕಾದವರು ಯಾರೆಂದು ಆಗಾಗ ಕೂಗಿ ಕೇಳುವ ಒಂದು ಸಾಧನ ಜಾಲದಲ್ಲಿರಬೇಕು. ಅದು 125 ಸೆಕೆಂಡಿಗೊಮ್ಮೆ ಕೇಳುವುದು ರೂಢಿ, ಉತ್ತರಕ್ಕೆ 10 ಸೆಕೆಂಡ್. ಎರಡು ಸುತ್ತು ಕೇಳಿಸದಿದ್ದರೆ, ಅಂದರೆ 260 ಸೆಕೆಂಡಿನ ಬಳಿಕ, ಯಾರಿಗೂ ಬೇಡವೆಂದು ತಿಳಿದು ಸ್ವಿಚ್ ಸಾಲನ್ನು ನಿಲ್ಲಿಸುತ್ತದೆ. ಕೇಳುವ ಕೆಲಸವನ್ನು ದೊಡ್ಡ ಜಾಲಗಳಲ್ಲಿ ರೂಟರ್ ಮಾಡುತ್ತದೆ. ಬಯಲಿನ ಜಾಲದಲ್ಲಿ ಮಾತಿನ ವಿಎಲ್‌ಎಎನ್‌ಗೆ ರೂಟರ್ ಇರುವುದಿಲ್ಲವಾದ್ದರಿಂದ ಒಂದು ಸ್ವಿಚ್ಚಿನಲ್ಲಿ ಆ ಹೊಣೆಯನ್ನು ಕೈಯಾರೆ ಚಾಲೂ ಮಾಡಬೇಕು. ಹಾಗಾಗಿ ಪರೀಕ್ಷೆ ಎಂದರೆ ಎರಡು ಮಾತಾಡಿ ‘ಕೇಳ್ತಾ?’ ಎಂದು ಮುಗಿಸುವುದಲ್ಲ, ಕನಿಷ್ಠ ಆರೇಳು ನಿಮಿಷ ಸಾಲು ತೆರೆದಿಟ್ಟು ನೋಡಬೇಕು. ಇದಕ್ಕೆ ಎದುರಾದ ಲಕ್ಷಣವೂ ಒಂದಿದೆ: ಬೆಲ್ಟ್‌ಪ್ಯಾಕ್ ಚುಚ್ಚಿದ ಮೇಲೆ ಅರ್ಧ ನಿಮಿಷ ಸತ್ತಂತಿದ್ದು ಆಮೇಲೆ ಎಚ್ಚರಗೊಳ್ಳುವುದು. ಹಳೆಯ ಕ್ರಮದ ಸ್ಪ್ಯಾನಿಂಗ್ ಟ್ರೀ ಪೋರ್ಟನ್ನು 15 ಸೆಕೆಂಡಿನ ಎರಡು ಹಂತ ಕಾಯಿಸುತ್ತದೆ. ಕೊನೆಯ ಸಾಧನಗಳ ಪೋರ್ಟ್‌ಗಳಿಗೆ ಈ ಕಾಯುವಿಕೆಯಿಂದ ವಿನಾಯಿತಿ ಕೊಡಬೇಕು.

ವೈಫೈ ಮೇಲೆ ಮಲ್ಟಿಕಾಸ್ಟ್ ಹಾಕಬಾರದು. ಅಲ್ಲಿ ಮಲ್ಟಿಕಾಸ್ಟ್ ಪ್ಯಾಕೆಟ್‌ಗಳು ಕಡಿಮೆ ವೇಗದಲ್ಲಿ ಹೋಗುತ್ತವೆ, ತಲುಪಿತೆಂಬ ರಸೀದಿ ಇಲ್ಲ, ತಪ್ಪಿಹೋದದ್ದನ್ನು ಮತ್ತೆ ಕಳಿಸುವುದೂ ಇಲ್ಲ. ಓಡಾಡುವ ಕ್ಯಾಮೆರಾದವನಿಗೆ ಮೊಬೈಲ್ ಆ್ಯಪ್ ಕೊಡುವುದಾದರೆ ಒಬ್ಬೊಬ್ಬರಿಗೂ ಬೇರೆ ಬೇರೆ ಸಾಲು ಇರಲಿ, 5 ಗಿಗಾಹರ್ಟ್ಸ್ ಪಟ್ಟಿಯಲ್ಲಿರಲಿ. 2.4ರಲ್ಲಿ ನೂರಾರು ಪ್ರೇಕ್ಷಕರ ಫೋನುಗಳ ಗದ್ದಲ ಸೇರಿಕೊಳ್ಳುತ್ತದೆ. ಆಂಟೆನಾ ಜನರ ತಲೆಗಿಂತ ಮೇಲಿರಬೇಕು. ಖಾಲಿ ಬಯಲಿನಲ್ಲಿ ಸಂಜೆ ಮಾಡಿದ ಪರೀಕ್ಷೆ ಜನ ತುಂಬಿದ ಮೇಲೆ ಸುಳ್ಳಾಗುವುದು ಮನುಷ್ಯರ ಮೈ ಆ ಅಲೆಗಳನ್ನು ಹೀರುವುದರಿಂದ. ಆ್ಯಪ್‌ನ ಸರ್ವರ್ ಹೊರಗಿನ ಇಂಟರ್ನೆಟ್‌ನಲ್ಲಿರುವುದಾದರೆ ಇಡೀ ವ್ಯವಸ್ಥೆ ಮೊಬೈಲ್ ಟವರಿನ ಕೃಪೆಯಲ್ಲಿರುತ್ತದೆ. ಯೂಟ್ಯೂಬ್ ಕಡಿದುಹೋದ ಹೊತ್ತಿನಲ್ಲೇ ತಂಡಕ್ಕೆ ಮಾತು ಹೆಚ್ಚು ಬೇಕಾಗುವುದು. ಮಾತಿನ ಜಾಲ ಇಂಟರ್ನೆಟ್ ಇಲ್ಲದೆಯೂ ನಡೆಯಬೇಕು.

ಕರಾವಳಿಯ ನೆಲ, ಹವೆಗಳದ್ದೂ ಒಂದು ಪಾಲಿದೆ. ರಂಗಸ್ಥಳದ ಕಡೆಗೆ ಜನರೇಟರ್, ಚೌಕಿಯ ಕಡೆಗೆ ಮನೆಯ ಅಥವಾ ದೇವಸ್ಥಾನದ ವಿದ್ಯುತ್ ಎಂದಾದರೆ ಎರಡಕ್ಕೂ ಭೂಸಂಪರ್ಕ ಬೇರೆ ಬೇರೆ. ಕವಚವಿರುವ ತಾಮ್ರದ ಕೇಬಲ್ ಆ ಎರಡು ನೆಲಗಳನ್ನು ಕಟ್ಟಿಹಾಕುತ್ತದೆ. ತಿರುಗಾಟದ ಕೊನೆಯ ತಿಂಗಳುಗಳು, ಏಪ್ರಿಲ್–ಮೇ, ಗುಡುಗು ಸಿಡಿಲಿನ ಕಾಲವೂ ಹೌದು. ತಾಮ್ರದ ಈಥರ್ನೆಟ್‌ಗೆ 100 ಮೀಟರ್ ಮಿತಿಯಿದೆ, ನಮ್ಮ ಮಾದರಿಯ 70 ಮೀಟರ್ ನೇರದೂರ ಮರ, ಅಂಗಳ, ನಡೆಯುವ ದಾರಿಗಳನ್ನು ಬಳಸಿ ಹೋಗುವಾಗ ಸುಲಭವಾಗಿ ಅದರ ಹತ್ತಿರ ಬರುತ್ತದೆ. ಹೀಗಾಗಿ ಚೌಕಿಗೆ ಫೈಬರ್ ಹಾಕುವುದು ಐಷಾರಾಮವಲ್ಲ, ಗಾಜಿನ ಎಳೆ ವಿದ್ಯುತ್ತನ್ನೇ ದಾಟಿಸದು. ಊರಿನ ಕೇಬಲ್ ಟಿವಿಯವರ ಬಳಿ ಫೈಬರೂ ಇರುತ್ತದೆ, ಬೆಸೆಯುವ ಯಂತ್ರವೂ ಇರುತ್ತದೆ. ಕಡಲ ಉಪ್ಪುಗಾಳಿ ಮತ್ತು ರಾತ್ರಿಯ ಇಬ್ಬನಿ ಕನೆಕ್ಟರುಗಳ ವೈರಿ. ಜೋಡಣೆಗಳನ್ನು ನೆಲದಿಂದ ಎತ್ತರದಲ್ಲಿ, ಮುಚ್ಚಿದ ಪೆಟ್ಟಿಗೆಯಲ್ಲಿ ಇಡಬೇಕು.

ವಿದ್ಯುತ್ತಿನ ಲೆಕ್ಕದಲ್ಲಿ ಮೋಸಹೋಗುವುದು ಸುಲಭ. ನೆಟ್‌ವರ್ಕ್ ತಂತಿಯಲ್ಲೇ ವಿದ್ಯುತ್ ಕೊಡುವ ಎಂಟು ಪೋರ್ಟಿನ ಪಿಒಇ ಸ್ವಿಚ್ ಎಂದರೆ ಎಂಟು ಬೆಲ್ಟ್‌ಪ್ಯಾಕ್ ನಡೆಸುತ್ತದೆ ಎಂದಲ್ಲ. 802.3ಎಎಫ್ ಮಾನಕದಲ್ಲಿ ಒಂದು ಪೋರ್ಟಿಗೆ 15.4 ವಾಟ್, ಎಂಟಕ್ಕೆ 123 ವಾಟ್. ಪೆಟ್ಟಿಗೆಯ ಒಟ್ಟು ಸಾಮರ್ಥ್ಯ 60 ವಾಟ್ ಇದ್ದರೆ ಸಾಧನಗಳ ನಿಜವಾದ ಬಳಕೆಯನ್ನು ಕೂಡಿಸಿ ನೋಡಿಯೇ ಚುಚ್ಚಬೇಕು. ಜನರೇಟರ್ ಬದಲಿಸುವಾಗ ದೀಪ ಎರಡು ಸೆಕೆಂಡ್ ಆರಿ ಹೊತ್ತಿಕೊಳ್ಳುತ್ತದೆ, ಸ್ವಿಚ್ ಮಾತ್ರ ಮತ್ತೆ ಎದ್ದು ನಿಲ್ಲಲು ನಿಮಿಷಗಟ್ಟಲೆ ತೆಗೆದುಕೊಳ್ಳುತ್ತದೆ. ಪ್ರತಿ ಸ್ವಿಚ್ಚಿಗೂ ಒಂದು ಸಣ್ಣ ಯುಪಿಎಸ್ ಬೇಕು.

ಮೈಕುಗಳು ಯಾವಾಗಲೂ ತೆರೆದಿರಬಾರದು, ಒತ್ತಿದಾಗ ಮಾತ್ರ ಮಾತು ಹೋಗಬೇಕು. ತೆರೆದ ಮೈಕುಗಳ ಸಂಖ್ಯೆ ಎರಡರಷ್ಟಾದಾಗಲೆಲ್ಲ ಸಾಲಿನ ಗದ್ದಲ 3 ಡೆಸಿಬೆಲ್ ಏರುತ್ತದೆ. ಚಂಡೆಯ ಪಕ್ಕದಲ್ಲಿ ನಿಂತವನ ಒಂದು ತೆರೆದ ಮೈಕೇ ಎಲ್ಲರ ಕಿವಿ ಮುಚ್ಚಿಸಬಲ್ಲದು. ಚೌಕಿಯವನ ಮಾತು ನಿರ್ದೇಶಕನಿಗೆ ಮಾತ್ರ ಹೋಗಲಿ, ಎಲ್ಲ ಕ್ಯಾಮೆರಾದವರಿಗೂ ಅದನ್ನು ಹಂಚಿದರೆ ಅರ್ಥಗಾರಿಕೆಯ ಮೌನದಲ್ಲಿ ಗೊಂದಲ ಹೆಚ್ಚುತ್ತದೆ. ಮೈಕ್‌ನವರಿಗೂ ಒಂದು ಬೆಲ್ಟ್‌ಪ್ಯಾಕ್ ಕೊಡಬೇಕು. ಹಿಮ್ಮೇಳದ ಸಾಲು ಅವರ ಮಿಕ್ಸರಿನಿಂದಲೇ ಬರಬೇಕಾದ್ದು, ಅದೂ ಮೈದಾನದ ಸ್ಪೀಕರಿನ ಏರಿಳಿತ ತಾಗದಂಥ ಪ್ರತ್ಯೇಕ ಔಟ್‌ಪುಟ್‌ನಿಂದ. ಇದನ್ನು ಆಟದ ದಿನ ಸಂಜೆ ಕೇಳಿದರೆ ಆಗದು, ಮೊದಲೇ ಮಾತಾಡಿಕೊಂಡಿರಬೇಕು.

ಈ ಜಾಲದಿಂದ ಯಕ್ಷಗಾನದ ಅಧ್ಯಯನಕ್ಕೂ ಒಂದು ದಾರಿ ತೆರೆಯುತ್ತದೆಂದು ನನಗನಿಸುತ್ತದೆ. ಹಿಮ್ಮೇಳದ ಸಾಲುಗಳು ಒಂದೇ ಗಡಿಯಾರಕ್ಕೆ ಹೊಂದಿರುವುದರಿಂದ ಭಾಗವತರ ಮೈಕು, ಮದ್ದಳೆ, ಚಂಡೆ ಇವನ್ನು ಬೇರೆ ಬೇರೆಯಾಗಿ, ಸ್ಯಾಂಪಲ್ ಮಟ್ಟದ ಹೊಂದಾಣಿಕೆಯಲ್ಲಿ ದಾಖಲಿಸಬಹುದು. ತಾಳ ಎತ್ತಿದ ಕ್ಷಣಕ್ಕೂ ಮದ್ದಳೆ ನುಡಿದ ಕ್ಷಣಕ್ಕೂ, ಅಲ್ಲಿಂದ ಕಲಾವಿದನ ಮೊದಲ ಹೆಜ್ಜೆಗೂ ಇರುವ ಅಂತರವನ್ನು ಅಳೆಯಬಹುದು. ಹಿರಿಯ ಭಾಗವತರು ಹಿಮ್ಮೇಳವನ್ನು ಹೇಗೆ ನಡೆಸುತ್ತಾರೆಂಬುದನ್ನು ಇದುವರೆಗೆ ಕೇಳುಗರು ಮೆಚ್ಚುಗೆಯ ಮಾತಿನಲ್ಲಿ ಹೇಳಿಕೊಂಡು ಬಂದಿದ್ದಾರೆ. ಅದನ್ನು ಮಿಲಿಸೆಕೆಂಡಿನಲ್ಲೂ ತೋರಿಸಲು ಬರುತ್ತದೆ. ಅದಕ್ಕೆ ಮೇಳದ ಮತ್ತು ಕಲಾವಿದರ ಒಪ್ಪಿಗೆ ಮೊದಲು ಬೇಕು, ತಂಡದವರ ಒಳಮಾತಿನ ಸಾಲನ್ನು ದಾಖಲಿಸುವುದಾದರೆ ಅವರದ್ದೂ. ಕ್ಯಾಮೆರಾದ ಕಡತದಲ್ಲಿ ಎಲ್ಲ ಸದ್ದು ಒಟ್ಟಿಗೆ ಸೇರಿಹೋಗಿರುತ್ತದೆ, ಬೇರ್ಪಡಿಸಿದ ಸಾಲುಗಳನ್ನು ಆಟ ನಡೆಯುವಾಗಲೇ ಹಿಡಿದಿಟ್ಟುಕೊಳ್ಳಬೇಕು. ಒಂದು ತಿರುಗಾಟದಲ್ಲಿ ಒಂದೇ ಪ್ರಸಂಗವನ್ನು ಬೇರೆ ಬೇರೆ ಭಾಗವತರು ನಡೆಸಿದ ನಾಲ್ಕಾರು ಆಟಗಳ ಇಂಥ ದಾಖಲೆ ಸಿಕ್ಕರೂ ಹೋಲಿಕೆಗೆ ಕೈಹಾಕಬಹುದು.